ಹಲಗಲಿಯ ಹತಾರ



ನಮ್ಮದು ಸಮೀರವಾಡಿ ಕಡೆ. ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ, ಇವುಗಳ ನಡುವಿನ ಕಬ್ಬಿನ ಸೀಮೆ. ಕಾರ್ಖಾನೆಯ ಭೋಂಗಾ ಕೂಗಿದರೆ ಸಾಕು, ಗಡಿಯಾರ ನೋಡುವ ಕೆಲಸವಿಲ್ಲ. ಹಂಗಾಮು ಶುರುವಾಯಿತೆಂದರೆ ರಾತ್ರಿಯಿಡೀ ಟ್ರ್ಯಾಕ್ಟರಿನ ಸದ್ದು. ಗಾಳಿಯಲ್ಲಿ ಕಾಕಂಬಿಯ ವಾಸನೆ.

ನಮ್ಮ ಓಣಿಯಲ್ಲಿ ಒಬ್ಬ ಹಿರಿಯರಿದ್ದಾರೆ. ಎಲ್ಲರಿಗೂ ಅವರು ಕಾಕಾ. ಅವರ ಮನೆಯಲ್ಲಿ ಒಂದು ಬಂದೂಕಿದೆ. ನಳಿಗೆಯ ಬಾಯಿಂದ ಮದ್ದು ಸುರಿದು, ಚರೆ ಹಾಕಿ, ಗಜದಿಂದ ಜಡಿಯುವ ಹಳೆಯ ಕಾಲದ ಬಂದೂಕು. ನೆಟ್ಟಗೆ ನಿಲ್ಲಿಸಿದರೆ ಹತ್ತು ವರ್ಷದ ಹುಡುಗನಷ್ಟು ಎತ್ತರ. ಮರದ ಹಿಡಿ ಮೂರು ತಲೆಮಾರಿನ ಕೈಯ ಎಣ್ಣೆ ಕುಡಿದು ಕಪ್ಪಾಗಿದೆ. ಲೈಸೆನ್ಸು ಇರುವುದು ಬೆಳೆ ಕಾಯಲಿಕ್ಕೆ. ಅದರಿಂದ ಒಂದು ಹಂದಿಯೂ ಸತ್ತದ್ದನ್ನು ನಾನು ಕಂಡಿಲ್ಲ. ಆಕಾಶಕ್ಕೆ ಒಂದು ಈಡು ಹಾರಿಸಿದರೆ ಹಂದಿಗಳು ಕಾಕಾನ ಕಬ್ಬು ಬಿಟ್ಟು ಪಕ್ಕದವರ ಕಬ್ಬಿಗೆ ಹೋಗುತ್ತವೆ. ಅದರ ಪರಾಕ್ರಮ ಅಷ್ಟೇ.

ಚುನಾವಣೆ ಬಂದಾಗಲೆಲ್ಲ ಕಾಕಾ ಆ ಬಂದೂಕನ್ನು ಗೋಣಿತಟ್ಟಿನಲ್ಲಿ ಸುತ್ತುತ್ತಾರೆ. ಪೊಲೀಸ್ ಠಾಣೆಗೆ ಒಯ್ದು ಒಪ್ಪಿಸುತ್ತಾರೆ. ರಸೀದಿ ತರುತ್ತಾರೆ. ಮತ ಎಣಿಕೆ ಮುಗಿದ ಮೇಲೆ ರಸೀದಿ ಕೊಟ್ಟು ಬಂದೂಕು ತರುತ್ತಾರೆ. ಒಮ್ಮೆ ಹೀಗೆ ಹೊರಟಿದ್ದರು. ಕಾಲೇಜು ಓದುವ ಮೊಮ್ಮಗ ಬಾಗಿಲಲ್ಲಿ ತಡೆದು ಕೇಳಿದ: "ಅಜ್ಜಾ, ಅಮೆರಿಕಾದಾಗ ಮಂದಿ ಬಂದೂಕ ಕೊಡಂಗಿಲ್ಲಂತ. ಮನ್ಯಾಗ ಬಂದೂಕ ಇದ್ರ ಸರಕಾರ ಅಂಜತೈತಂತ. ನೀ ಯಾಕ ಒಯ್ದು ಕೊಡ್ತಿ?"

ಕಾಕಾ ನನ್ನ ಕಡೆ ತಿರುಗಿದರು. "ಮಾಸ್ತರ, ನೀವ ಹೇಳ್ರಿ ಇವಗ. ನನಗ ಬಸ್ಸಿಗೆ ಹೊತ್ತಾತು."

ಬಸ್ಸು ಹೋಯಿತು. ಪ್ರಶ್ನೆ ನನ್ನ ಕೈಯಲ್ಲಿ ಉಳಿಯಿತು. ಇವತ್ತು ನಿಮ್ಮ ಮುಂದೆ ಇಡುವುದು ಅದೇ ಪ್ರಶ್ನೆ. ಪ್ರಜೆಯ ಮನೆಯಲ್ಲಿ ಹತಾರ ಇದ್ದರೆ ಸರಕಾರ ದಬ್ಬಾಳಿಕೆ ಮಾಡಲಿಕ್ಕೆ ಹೆದರುತ್ತದೆಯೇ?

ಇದಕ್ಕೆ ಉತ್ತರ ಹುಡುಕಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ನಮ್ಮ ಮುಧೋಳ ತಾಲ್ಲೂಕಿನಲ್ಲೇ ಒಂದು ಊರಿದೆ. ಹೆಸರು ಹಲಗಲಿ. ಇದೇ ಪ್ರಶ್ನೆಗೆ ಆ ಊರು ಜೀವ ಕೊಟ್ಟು ಉತ್ತರ ಬರೆದಿದೆ. ಎಸ್ಸೆಸ್ಸೆಲ್ಸಿ ಓದಿದ ಮಕ್ಕಳಿಗೆ ಗೊತ್ತು. ಹಲಗಲಿ ಬೇಡರ ಲಾವಣಿ ಅವರ ಕನ್ನಡ ಪಠ್ಯದಲ್ಲಿ ಬಂದಿದೆ.  ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದನ್ನು ಪರೀಕ್ಷೆ ಮುಗಿದ ಮೇಲೆ ಮರೆಯುತ್ತೇವೆ. ಅದು ಬೇರೆ ಮಾತು.

ಕಾಲ 1857. ಮೇ ತಿಂಗಳಲ್ಲಿ ಮೀರತ್‌ನಲ್ಲಿ ಸಿಪಾಯಿಗಳು ತಿರುಗಿಬಿದ್ದರು. ಬೆಂಕಿ ಉತ್ತರದಲ್ಲೇ ಉಳಿಯಲಿಲ್ಲ. ಜುಲೈ ಕೊನೆಗೆ ನಮ್ಮ ಮಗ್ಗುಲಿನ ಕೊಲ್ಲಾಪುರದಲ್ಲೇ ಒಂದು ಪಲ್ಟಣ ದಂಗೆ ಎದ್ದಿತು. ಕಂಪನಿ ಸರಕಾರಕ್ಕೆ ನಿದ್ದೆ ಹತ್ತಲಿಲ್ಲ. ಸೆಪ್ಟೆಂಬರ್‌ನಲ್ಲಿ ಒಂದು ಕಾಯ್ದೆ ಮಾಡಿತು. 1857ರ 28ನೆಯ ಕಾಯ್ದೆ. ಜನರ ಬಾಯಲ್ಲಿ ಅದು ನಿಶ್ಶಸ್ತ್ರೀಕರಣ ಕಾಯ್ದೆ. ಹತಾರ ಇದ್ದವರು ಲೆಕ್ಕ ಕೊಡಬೇಕು. ಇಟ್ಟುಕೊಳ್ಳಲು ಪರವಾನಿಗೆ ಬೇಕು. ಪರವಾನಿಗೆ ಇಲ್ಲದಿದ್ದರೆ ಜಪ್ತಿ, ಮೇಲೆ ಶಿಕ್ಷೆ.

ಕಾಗದದ ಮೇಲೆ ಅದು ಲೆಕ್ಕ, ಪರವಾನಿಗೆ, ದಾಖಲೆ. ಕಾರಕೂನನ ಹೆಗಲೇರಿ ಹಳ್ಳಿಗೆ ಬರುವ ಹೊತ್ತಿಗೆ ಉಳಿದದ್ದು ಒಂದೇ ಮಾತು: ಹತಾರ ಕಸಿದುಕೊಳ್ಳುತ್ತಾರೆ.

ಮುಧೋಳ ಆಗ ಘೋರ್ಪಡೆ ಅರಸರ ಸಂಸ್ಥಾನ. ಗಾದಿ ಅವರದು, ಹುಕುಂ ಬೆಳಗಾವಿಯದು. ದಕ್ಷಿಣ ಮರಾಠಾ ಸಂಸ್ಥಾನಗಳ ಮೇಲೆ ಕಣ್ಣಿಡಲು ಬೆಳಗಾವಿಯಲ್ಲಿ ಸೀಟನ್ ಕಾರ್ ಎಂಬ ಅಧಿಕಾರಿ ಇದ್ದ. ಹಲಗಲಿ ಈ ಸಂಸ್ಥಾನದ ಒಂದು ಹಳ್ಳಿ. ಅಲ್ಲಿ ಬೇಡರು ಬಹಳ. ಬೇಟೆ ಅವರ ಕುಲಕಸುಬು. ಹತಾರ ಅವರಿಗೆ ಅಲಂಕಾರವಲ್ಲ. ಒಕ್ಕಲಿಗನಿಗೆ ಕೂರಿಗೆ ಹೇಗೋ, ನೇಕಾರನಿಗೆ ಲಾಳಿ ಹೇಗೋ, ಬೇಡನಿಗೆ ಬರ್ಚಿ, ಬಂದೂಕು ಹಾಗೆ. ಬನಹಟ್ಟಿಯ ನೇಕಾರನ ಮನೆಗೆ ಹೋಗಿ ನಾಳೆಯಿಂದ ಮಗ್ಗಕ್ಕೆ ಅಪ್ಪಣೆ ಬೇಕು, ಅದುವರೆಗೆ ಲಾಳಿ ಕೊಡು ಎಂದರೆ ಏನಾಗುತ್ತದೆ? ಅದೇ ಆಯಿತು.

ಊರವರು ಕೊಡುವುದಿಲ್ಲ ಎಂದರು. ಮುಂದೆ ನಿಂತವರ ಹೆಸರುಗಳು ಲಾವಣಿಯಲ್ಲಿವೆ: ಹನುಮ, ಬಾಲ, ಜಡಗ, ರಾಮ. ಇವರು ಅರಸು ಮಕ್ಕಳಲ್ಲ, ದೇಸಾಯರಲ್ಲ. ಕಿತ್ತೂರಿಗೆ ರಾಣಿ ಇದ್ದಳು. ನರಗುಂದಕ್ಕೆ ಬಾಬಾಸಾಹೇಬ ಇದ್ದ. ಹಲಗಲಿಗೆ ಇದ್ದದ್ದು ಹಲಗಲಿಯೇ. ಸುತ್ತಲಿನ ಮಂಟೂರು, ಬೂದ್ನಿ, ಆಲಗುಂಡಿಯ ಬೇಡರೂ ಬಂದು ಕೂಡಿದರು. ಎಲ್ಲ ಸೇರಿ ಐದುನೂರರಷ್ಟು ಜನ.

ಕೇಳುಗರೇ, ಇಲ್ಲೊಂದು ಕ್ಷಣ ನಿಲ್ಲೋಣ. ಮೊಮ್ಮಗನ ಮಾತು ನಿಜವಾಗಬೇಕಾದರೆ ಆಗಬೇಕಿದ್ದದ್ದು ಇಲ್ಲೇ. ಐದುನೂರು ಜನ. ಪ್ರತಿಯೊಬ್ಬನ ಕೈಯಲ್ಲೂ ಹತಾರ. ಗುರಿ ತಪ್ಪದ ಕೈ. ಕಲ್ಲು, ಕಣಿವೆ, ಗುಡ್ಡ ಎಲ್ಲ ಪರಿಚಯದ ನೆಲ. ಸರಕಾರ ಹೆದರಬೇಕಿತ್ತು. ಹೆದರಿತೇ?

ಹೆದರಿತು. ಆದರೆ ಹೆದರಿದ ಸರಕಾರ ಹಿಂದೆ ಸರಿಯಲಿಲ್ಲ. ಕುದುರೆಪಡೆ ಕಳಿಸಿತು.

ನವೆಂಬರ್ ಕೊನೆಯ ವಾರ. ಕರ್ನಲ್ ಮಾಲ್ಕಮ್‌ನ ದಂಡು ರಾತ್ರೋರಾತ್ರಿ ಹೊರಟಿತು. ಇಷ್ಟೊಂದು ಕಬ್ಬಿಲ್ಲದ ಕಾಲ. ಬಿಳಿಜೋಳ ಮೊಣಕಾಲುದ್ದ ನಿಂತಿರುವ ಹೊತ್ತು. ನಸುಕಿನ ಚಳಿ. ನವೆಂಬರ್ 29ರ ಹೊತ್ತಿಗೆ ಊರನ್ನು ಸುತ್ತುವರಿದರು. ಬೇಡರು ಮನೆಗಳ ಒಳಗಿಂದ, ಮಾಳಿಗೆಯ ಮೇಲಿಂದ ಹೊಡೆದರು. ನಮ್ಮ ಸೀಮೆಯ ಮನೆ ನೀವು ಕಂಡಿದ್ದೀರಿ. ದಪ್ಪ ಮಣ್ಣಿನ ಗೋಡೆ, ಸಣ್ಣ ಬಾಗಿಲು, ಮೇಲೆ ಮಣ್ಣಿನ ಮಾಳಿಗೆ. ಒಂದೊಂದು ಮನೆಯೂ ಒಂದು ಸಣ್ಣ ಕೋಟೆ. ಗುಂಡಿನಿಂದ ಅದನ್ನು ಗೆಲ್ಲುವುದು ಸುಲಭವಲ್ಲ. ಹೀಗಾಗಿ ಬೆಂಕಿ ಇಟ್ಟರು.

ಊರು ಉರಿಯಿತು. ಸತ್ತವರು ನೂರರ ಆಸುಪಾಸು. ಸೆರೆ ಸಿಕ್ಕವರು ಮುನ್ನೂರಕ್ಕೆ ತುಸು ಕಡಿಮೆ. ಮುಂದಾಳುಗಳಲ್ಲಿ ಕೆಲವರು ಬೀದಿಯಲ್ಲೇ ಬಿದ್ದರು. ಆಮೇಲೆ ಲೂಟಿ. ಲಾವಣಿಕಾರ ದೊಡ್ಡ ಮಾತು ಆಡುವುದಿಲ್ಲ. ಅಡುಗೆಮನೆಯ ಸಾಮಾನು ಎಣಿಸುತ್ತಾ ಹೋಗುತ್ತಾನೆ. ತಾಟು, ಚರಗಿ, ಹಾಲು-ಮೊಸರು. ಬೀಸುವ ಕಲ್ಲನ್ನೂ ಬಿಡಲಿಲ್ಲ ಎನ್ನುತ್ತಾನೆ. ಹತಾರ ಹುಡುಕಲು ಬಂದವರು ಬೀಸುಕಲ್ಲು ಯಾಕೆ ಒಯ್ದರು ಎಂದು ಅವನು ಕೇಳುವುದೂ ಇಲ್ಲ. ಕೇಳದೆ ಬಿಟ್ಟದ್ದೇ ಚುಚ್ಚುತ್ತದೆ.

ಇನ್ನೊಂದು ವಿಚಿತ್ರ ಹೇಳಬೇಕು. ಈ ಲಾವಣಿಯನ್ನು ಬರೆದಿಟ್ಟು ಅಚ್ಚು ಹಾಕಿಸಿದವನು ಬ್ರಿಟಿಷ್ ಅಧಿಕಾರಿ, ಜೆ. ಎಫ್. ಫ್ಲೀಟ್. ನಮ್ಮ ಶಾಸನಗಳನ್ನು ಓದಿದವನೇ ಅವನು. 1880ರ ದಶಕದಲ್ಲಿ ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಪ್ರಕಟಿಸಿದ. ಊರು ಸುಟ್ಟದ್ದು ಸರಕಾರ. ಅದನ್ನು ದೂರುವ ಪದವನ್ನು ಕಾಪಾಡಿದವನು ಅದೇ ಸರಕಾರದ ನೌಕರ.

ಈಗ ತಾರೀಖುಗಳನ್ನು ಗಮನಿಸಿ. ದಾಳಿ ನವೆಂಬರ್ 29. ಡಿಸೆಂಬರ್ 11, ಶುಕ್ರವಾರ, ಮುಧೋಳದಲ್ಲಿ ಸಂತೆಯ ದಿನ. ಅಂದು 13 ಜನರನ್ನು ಗಲ್ಲಿಗೇರಿಸಿದರು. ಬೆಲ್ಲ, ಬಳೆ, ಕಾಳುಕಡಿಗೆಂದು ಬಂದ ಜನ ನೋಡಲಿ ಎಂದೇ ಆ ದಿನ ಆರಿಸಿದರು. ಮೂರು ದಿನ ಬಿಟ್ಟು, ಡಿಸೆಂಬರ್ 14ರಂದು, ಉಳಿದ ಆರು ಜನರನ್ನು ಹಲಗಲಿಯಲ್ಲೇ ನೇಣಿಗೆ ಹಾಕಿದರು. ಒಟ್ಟು 19.

ಸೆರೆ ಹಿಡಿದು, ವಿಚಾರಿಸಿ, ತೀರ್ಪು ಕೊಟ್ಟು, ಮೊದಲ 13 ಜನರ ಕೊರಳಿಗೆ ಹಗ್ಗ ಹಾಕಲು 12 ದಿನ. ಈ 12 ದಿನವನ್ನು ನೆನಪಿಟ್ಟುಕೊಳ್ಳಿ. ಮತ್ತೆ ಅಲ್ಲಿಗೆ ಬರುತ್ತೇನೆ.

ಇದುವರೆಗೆ ಹೇಳಿದ್ದಿಷ್ಟು. ಕಂಪನಿ ಹತಾರ ಕೇಳಿತು. ಹಲಗಲಿ ಕೊಡಲಿಲ್ಲ. ಹತಾರ ಇದ್ದರೂ ಊರು ಉಳಿಯಲಿಲ್ಲ. ಆರು ತಿಂಗಳಲ್ಲಿ ಇದೇ ಕಥೆ ದೊಡ್ಡವರ ಮನೆಯಲ್ಲೂ ನಡೆಯಿತು. 1858ರ ಮೇ ತಿಂಗಳಲ್ಲಿ ಮುಂಡರಗಿ ಭೀಮರಾಯನ ದಂಗೆಗೆ ಕಿಡಿ ಹತ್ತಿದ್ದು ಹಮ್ಮಿಗಿಯಲ್ಲಿ ಇಟ್ಟಿದ್ದ ಹತಾರಗಳ ಜಪ್ತಿಯಿಂದ. ಅದೇ ತಿಂಗಳು ನರಗುಂದದ ಬಾಬಾಸಾಹೇಬನೂ ಎದ್ದ. ಅವನಿಗೆ ಕೋಟೆ ಇತ್ತು, ತೋಪು ಇತ್ತು. ಜೂನ್ 12ಕ್ಕೆ ಬೆಳಗಾವಿಯಲ್ಲಿ ಗಲ್ಲಾಯಿತು. ತೋಪಿನ ಕಥೆಯೂ ಅಷ್ಟೇ ದಿನ, ಬರ್ಚಿಯ ಕಥೆಯೂ ಅಷ್ಟೇ ದಿನ.

ಹಾಗಾದರೆ ಹಲಗಲಿಯವರು ದಡ್ಡರೇ? ನಾನು ಹಾಗೆ ಹೇಳಲಾರೆ. ಹಾಗೆ ಹೇಳುವವರೊಂದಿಗೆ ಕುಳಿತು ಚಹಾ ಕುಡಿಯಲಾರೆ. ಅವರ ಮುಂದೆ ಬೇರೆ ದಾರಿ ಏನಿತ್ತು ಎಂದು ಕೇಳಿದರೆ ಉತ್ತರ ಹೊಳೆಯುವುದಿಲ್ಲ. ಅರ್ಜಿ ಕೊಡಲು ಕಚೇರಿ ಇತ್ತು, ಅವರ ಅರ್ಜಿ ಓದುವವರಿರಲಿಲ್ಲ. ಮತ ಇರಲಿಲ್ಲ. ಪತ್ರಿಕೆ ಇರಲಿಲ್ಲ. ಇಲ್ಲ ಎನ್ನಲು ಅವರ ಬಳಿ ಇದ್ದದ್ದು ಕೈ, ಕೈಯಲ್ಲಿ ಹತಾರ.

ಈಗ ಅದೇ ಕಾಯ್ದೆಯ ಇನ್ನೊಂದು ಮುಖ. ಹಲಗಲಿಯಿಂದ ತೆಂಕಣಕ್ಕೆ ಹೋಗೋಣ. ಬಯಲು ಮುಗಿದು ಮಲೆ ಬರುತ್ತದೆ, ಕಾಫಿ ತೋಟ ಬರುತ್ತದೆ. ಕೊಡಗು.

ಕೊಡವರ ಮನೆಯಲ್ಲಿ ಬಂದೂಕು ಗೋಡೆಯ ಸಾಮಾನಲ್ಲ, ಮನೆಯ ಒಬ್ಬ ಸದಸ್ಯ. ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ. ಸಾವಾದರೆ ಎರಡು. ಗುಡ್ಡದಾಚೆಯ ನೆಂಟರಿಗೆ ಆ ಸದ್ದೇ ಕಾಗದ. ಸೆಪ್ಟೆಂಬರ್ ಮೊದಲ ವಾರ ಕೈಲ್‌ಪೊಳ್ದ್ ಹಬ್ಬ. ಅಂದು ಹತಾರಗಳಿಗೆ ಹೂವಿಟ್ಟು ಪೂಜೆ. ನಮ್ಮಲ್ಲಿ ಮಹಾನವಮಿಗೆ ಕುಡುಗೋಲು, ಕೊಡಲಿ, ಈಗ ಟ್ರ್ಯಾಕ್ಟರು ಪೂಜಿಸುವ ಹಾಗೆ.

ಹಲಗಲಿ ಸುಟ್ಟು ನಾಲ್ಕು ವರ್ಷವೂ ಆಗಿರಲಿಲ್ಲ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಒಂದು ಪ್ರಕಟಣೆ ಹೊರಡಿಸಿದ. ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೆಸರು ಕೊಟ್ಟವನೇ ಅವನು. ನಿಶ್ಶಸ್ತ್ರೀಕರಣ ಕಾಯ್ದೆ ಕೊಡಗಿನವರಿಗೆ ಅನ್ವಯಿಸುವುದಿಲ್ಲ ಎಂದು ಆ ಪ್ರಕಟಣೆ. ಕಾರಣವನ್ನೂ ಮುಚ್ಚಿಡಲಿಲ್ಲ. ಅವರು ಶೂರರು, ಅವರು ನಿಷ್ಠರು, ಸರಕಾರಕ್ಕೆ ನೆರವಾದವರು. 1837ರಲ್ಲಿ ಕಂಪನಿಯ ವಿರುದ್ಧ ಎದ್ದ ಬಂಡಾಯದಲ್ಲಿ ಸರಕಾರದ ಪರ ನಿಂತ ಕೊಡವರಿಗೆ ಚಿನ್ನ, ಬೆಳ್ಳಿಯ ಪದಕಗಳೇ ಸಿಕ್ಕಿದ್ದವು. ಅದೇ ಬಂಡಾಯದಲ್ಲಿ ತಿರುಗಿ ನಿಂತ ಕೊಡಗಿನ ಗುಡ್ಡೆಮನೆ ಅಪ್ಪಯ್ಯಗೌಡರಿಗೆ ಸಿಕ್ಕಿದ್ದು ಮಡಿಕೇರಿಯಲ್ಲಿ ನೇಣು.

ಇದು ಕೊಡವರ ಮೇಲೆ ದೂರಲ್ಲ. ಕಾರ್ಯಪ್ಪ, ತಿಮ್ಮಯ್ಯರಂಥ ಸೇನಾನಿಗಳನ್ನು ಕೊಟ್ಟ ನೆಲದ ಬಗ್ಗೆ ಯಾರು ದೂರಾಡುತ್ತಾರೆ? ನಾನು ತೋರಿಸುತ್ತಿರುವುದು ಸರಕಾರದ ಕೈಯನ್ನು. ಒಂದೇ ಕಾಯ್ದೆ. ಎರಡೂ ಕನ್ನಡದ ನೆಲ. ಎರಡು ಕಡೆಯೂ ಬೇಟೆ ಬಲ್ಲ, ಹತಾರ ಪೂಜಿಸುವ ಜನ. ಒಂದು ಕಡೆ ಹತಾರ ಇಟ್ಟುಕೊಂಡದ್ದಕ್ಕೆ ಗಲ್ಲು. ಇನ್ನೊಂದು ಕಡೆ ಹತಾರ ಇಟ್ಟುಕೊಳ್ಳಿ ಎಂದು ಹೊಗಳಿಕೆಯ ಪತ್ರ. ವ್ಯತ್ಯಾಸ ಬಂದೂಕಿನಲ್ಲಿಲ್ಲ. ಸರಕಾರ ಯಾರನ್ನು ನಂಬುತ್ತದೆ ಎಂಬಲ್ಲಿದೆ.

ಆ ವಿನಾಯಿತಿ ಇಂದಿಗೂ ಇದೆ. ಕೊಡವರಿಗೂ ಕೊಡಗಿನ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೆಲವು ಬಗೆಯ ಬಂದೂಕುಗಳಿಗೆ ಲೈಸೆನ್ಸು ಬೇಕಿಲ್ಲ. ಕೇಂದ್ರ ಸರಕಾರ 2019ರಲ್ಲಿ ಇದನ್ನು ಇನ್ನೂ ಹತ್ತು ವರ್ಷ ಮುಂದುವರಿಸಿತು. ಹೈಕೋರ್ಟಿನಲ್ಲಿ ಪ್ರಶ್ನೆ ಎದ್ದಿತು. 2021ರಲ್ಲಿ ಕೋರ್ಟು ವಿನಾಯಿತಿಯನ್ನು ಎತ್ತಿಹಿಡಿಯಿತು. 2029ರ ಅಕ್ಟೋಬರ್ ಕೊನೆಯವರೆಗೆ ಅದಕ್ಕೆ ಆಯುಷ್ಯ. ಆಮೇಲೆ ಮತ್ತೆ ದೆಹಲಿ ಮನಸ್ಸು ಮಾಡಬೇಕು.

ಗಮನಿಸಿದಿರಾ? ಅವಧಿ ಹಾಕಿ ಕೊಟ್ಟದ್ದು ಹಕ್ಕಲ್ಲ, ಅನುಗ್ರಹ. ಸರಕಾರ ಯಾರಿಗೆ ಹೆದರುತ್ತದೋ ಅವರಿಂದ ಹತಾರ ಕಿತ್ತುಕೊಳ್ಳುತ್ತದೆ. ಯಾರಿಗೆ ಹೆದರುವುದಿಲ್ಲವೋ ಅವರಿಗೆ ಬಿಡುತ್ತದೆ. ಹೀಗಿರುವಾಗ ಬಿಟ್ಟ ಹತಾರ ಸರಕಾರಕ್ಕೆ ಕಡಿವಾಣ ಆಗುವುದು ಹೇಗೆ?

ಹಲಗಲಿ ಒಂದು, ಕೊಡಗು ಎರಡು. ಈಗ ಮೊಮ್ಮಗನ ಅಮೆರಿಕಕ್ಕೆ ಬರೋಣ. ಬೇಗ ಹೋಗಿ ಬೇಗ ಬರೋಣ.

ಮೊದಲು ಇಂಗ್ಲೆಂಡ್. 1689ರಲ್ಲಿ ಅಲ್ಲಿನ ಪಾರ್ಲಿಮೆಂಟು ಒಂದು ಹಕ್ಕುಪತ್ರ ಮಾಡಿತು. ಅದರಲ್ಲಿ ಪ್ರಾಟೆಸ್ಟೆಂಟ್ ಪ್ರಜೆಗಳು ತಮ್ಮ ಅಂತಸ್ತಿಗೆ ತಕ್ಕ ಹತಾರ ಇಟ್ಟುಕೊಳ್ಳಬಹುದು ಎಂದಿತ್ತು. ಕ್ಯಾಥೊಲಿಕರ ಮಾತಿಲ್ಲ. ಅದೇ ಬೀಜ ಅಮೆರಿಕದಲ್ಲಿ ಗಿಡವಾಯಿತು. 1791ರಲ್ಲಿ ಅವರ ಸಂವಿಧಾನಕ್ಕೆ ಎರಡನೆಯ ತಿದ್ದುಪಡಿ ಸೇರಿತು. ಸ್ವತಂತ್ರ ರಾಜ್ಯದ ರಕ್ಷಣೆಗೆ ನಾಗರಿಕರ ಪಡೆ ಬೇಕು, ಆದ್ದರಿಂದ ಜನರ ಹತಾರದ ಹಕ್ಕಿಗೆ ಕೈ ಹಾಕಬಾರದು ಎಂಬುದು ಅದರ ಸಾರ. ರಾಜನ ಸೈನ್ಯವನ್ನು ಆಗಷ್ಟೇ ಓಡಿಸಿದ್ದ ಜನಕ್ಕೆ ಆ ಮಾತಿನಲ್ಲಿ ನಂಬಿಕೆ ಇತ್ತು. 2008ರಲ್ಲಿ ಅವರ ಸುಪ್ರೀಂ ಕೋರ್ಟು ಇದು ಪಡೆಗೆ ಸೇರಿದವರದ್ದಷ್ಟೇ ಅಲ್ಲ, ಒಬ್ಬೊಬ್ಬ ವ್ಯಕ್ತಿಯ ಹಕ್ಕು ಎಂದು ಹೇಳಿತು. ಆದರೆ 1791ರ ಆ 'ಜನ' ಯಾರು? ದಕ್ಷಿಣದ ರಾಜ್ಯಗಳ ಹೊಲಗಳಲ್ಲಿ ದುಡಿಯುತ್ತಿದ್ದ ಗುಲಾಮರಿಗೆ ಬಂದೂಕು ಮುಟ್ಟಲು ಬಿಡುತ್ತಿರಲಿಲ್ಲ. ದಬ್ಬಾಳಿಕೆಯ ವಿರುದ್ಧ ಹತಾರ ಬೇಕಿದ್ದವರು ಆ ನೆಲದಲ್ಲಿ ಯಾರಾದರೂ ಇದ್ದರೆ ಅವರೇ.

ಯಾರ ಕೈಗೆ ಹತಾರ ಕೊಡಬಾರದು ಎಂಬುದು ನಮ್ಮ ಮೇಲೆ ಆಳ್ವಿಕೆ ಮಾಡಿದವರಿಗೂ ಚೆನ್ನಾಗಿ ಗೊತ್ತಿತ್ತು. 1878ರಲ್ಲಿ ಲಾರ್ಡ್ ಲಿಟನ್ ಕಾಲದಲ್ಲಿ ಹೊಸ ಶಸ್ತ್ರಾಸ್ತ್ರ ಕಾಯ್ದೆ ಬಂತು. ಭಾರತೀಯರಿಗೆ ಲೈಸೆನ್ಸು ಕಡ್ಡಾಯ. ಯುರೋಪಿಯನ್ನರಿಗೆ ವಿನಾಯಿತಿ. ತಮ್ಮ ದೇಶದಲ್ಲಿ ಹಕ್ಕು ಎಂದದ್ದು ಇಲ್ಲಿ ಅಪರಾಧ.

ಈ ಅವಮಾನ ನಮ್ಮ ನಾಯಕರನ್ನು ಎಷ್ಟು ಕುಟುಕಿತು ಎನ್ನುವುದಕ್ಕೆ ಗಾಂಧೀಜಿಯೇ ಸಾಕ್ಷಿ. ಹೌದು, ಅಹಿಂಸೆಯ ಗಾಂಧೀಜಿ. 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಸೈನ್ಯಕ್ಕೆ ಜನ ಸೇರಿಸುವಾಗ ಹಂಚಿದ ಕರಪತ್ರದಲ್ಲಿ, ಒಂದಿಡೀ ದೇಶದ ಹತಾರ ಕಿತ್ತುಕೊಂಡ ಕಾಯ್ದೆಯನ್ನು ಬ್ರಿಟಿಷರ ತಪ್ಪುಗಳಲ್ಲೆಲ್ಲ ಅತ್ಯಂತ ಕರಾಳವಾದದ್ದೆಂದು ಬರೆದರು. 1930ರಲ್ಲಿ ಸರಕಾರದ ಮುಂದೆ ಹನ್ನೊಂದು ಬೇಡಿಕೆ ಇಟ್ಟರಲ್ಲ, ಉಪ್ಪಿನ ತೆರಿಗೆ ಅದರಲ್ಲಿ ಒಂದು. ಆತ್ಮರಕ್ಷಣೆಗೆ ಬಂದೂಕಿನ ಲೈಸೆನ್ಸು ಕೊಡಿ ಎಂಬುದೂ ಒಂದು. ಉಪ್ಪನ್ನು ನೆನಪಿಟ್ಟೆವು, ಬಂದೂಕನ್ನು ಮರೆತೆವು. 1931ರ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ನಿರ್ಣಯದಲ್ಲೂ ಕಟ್ಟುಪಾಡಿಗೆ ಒಳಪಟ್ಟು ಹತಾರ ಇಟ್ಟುಕೊಳ್ಳುವ ಹಕ್ಕು ಪ್ರತಿಯೊಬ್ಬ ನಾಗರಿಕನಿಗೆ ಇತ್ತು.

ಹಾಗಾದರೆ ನಮ್ಮ ಸಂವಿಧಾನದಲ್ಲಿ ಅದು ಯಾಕಿಲ್ಲ? ಇರಲಿ ಎಂದು ಹಟ ಹಿಡಿದವರೂ ನಮ್ಮ ಕಡೆಯವರೇ. ಮಂಗಳೂರಿನಲ್ಲಿ ಹುಟ್ಟಿದ ಎಚ್. ವಿ. ಕಾಮತ್. 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಕರಾಚಿಯ ಮಾತನ್ನು ನೆನಪಿಸಿ ತಿದ್ದುಪಡಿ ತಂದರು. ಅಂಬೇಡ್ಕರ್ ಒಪ್ಪಲಿಲ್ಲ. ಯಾರು ಬೇಕಾದರೂ ಬಜಾರಿಗೆ ಹೋಗಿ ಎಂಥ ಆಯುಧ ಬೇಕಾದರೂ ಅಡ್ಡಿಯಿಲ್ಲದೆ ಕೊಳ್ಳುವಂತಾದರೆ ಆಡಳಿತ ನಡೆಸುವುದಾದರೂ ಹೇಗೆ ಎಂಬುದು ಅವರ ವಾದ. ಸಭೆ ಅವರ ಜೊತೆ ನಿಂತಿತು.

ನಾನೂ ಅವರ ಜೊತೆಯೇ. ಯಾಕೆಂದರೆ ಹಳ್ಳಿಯಲ್ಲಿ ಬದುಕಿದ್ದೇನೆ. ಎಲ್ಲರ ಮನೆಯಲ್ಲೂ ಬಂದೂಕಿದ್ದರೆ ಮೊದಲ ಗುಂಡು ಸರಕಾರದ ಮೇಲೆ ಹಾರುವುದಿಲ್ಲ. ಕಾಲುವೆ ನೀರಿನ ಪಾಳಿಗೆ ಹಾರುತ್ತದೆ. ಬದುವಿನ ಜಗಳಕ್ಕೆ, ಮೇಲುಜಾತಿಯ ಓಣಿಯಲ್ಲಿ ಮೆರವಣಿಗೆ ಹೋದ ಮದುಮಗನ ಮೇಲೆ ಹಾರುತ್ತದೆ. ದಬ್ಬಾಳಿಕೆ ಮಾಡುವುದು ಸರಕಾರ ಒಂದೇ ಅಲ್ಲ. ಅಂಬೇಡ್ಕರರಿಗೆ ಇದು ಪುಸ್ತಕ ಓದಿ ತಿಳಿಯಬೇಕಾದ ಸಂಗತಿ ಆಗಿರಲಿಲ್ಲ.

ಸರಿ. ಹತಾರ ಕಾಯಲಿಲ್ಲ ಎಂದು ಹಲಗಲಿ ಹೇಳಿತು. ಹತಾರ ಬಿಡುವುದೂ ಕಸಿಯುವುದೂ ಆಳುವವರ ಕೈಯಲ್ಲಿದೆ ಎಂದು ಕೊಡಗು ತೋರಿಸಿತು. ಎಲ್ಲರಿಗೂ ಹತಾರ ಎಂದರೆ ಬಲಿಷ್ಠನಿಗೆ ಹತಾರ ಎಂದು ನಮ್ಮ ಓಣಿಗಳೇ ಹೇಳುತ್ತವೆ. ಹಾಗಾದರೆ ಪ್ರಜೆಯನ್ನು ಸರಕಾರದಿಂದ ಕಾಯುವುದು ಯಾವುದು?

ಅದಕ್ಕೇ ಆ 12 ದಿನ ನೆನಪಿಡಿ ಎಂದೆ. ಹಲಗಲಿಯವರಿಗೆ ಕೊರತೆ ಬಿದ್ದದ್ದು ಬಂದೂಕಲ್ಲ. ಅವರಲ್ಲಿ ಬಂದೂಕು ಇತ್ತು. ಇಲ್ಲದೇ ಇದ್ದದ್ದು ಎರಡು ಸಂಗತಿ. ನನ್ನ ಹತಾರ ಯಾಕೆ ಬೇಕು ನಿನಗೆ ಎಂದು ಕೇಳಿದರೆ ಉತ್ತರ ಕೊಡಲೇಬೇಕಾದ ಅಧಿಕಾರಿ. ಆ ಉತ್ತರ ಸರಿಯಲ್ಲ ಎಂದರೆ ಕೇಳುವ ಇನ್ನೊಂದು ಬಾಗಿಲು. ಈ ಎರಡು ಇದ್ದಿದ್ದರೆ 13 ಕೊರಳುಗಳಿಗೆ 12 ದಿನದಲ್ಲಿ ಹಗ್ಗ ಬೀಳುತ್ತಿರಲಿಲ್ಲ.

ಈಗಿನ ಕಾಯ್ದೆ 1959ರದು. ಅದೂ ಬಿಗಿಯಾದದ್ದೇ. 2019ರ ತಿದ್ದುಪಡಿಯಾದ ಮೇಲೆ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ, ಮೊದಲು ಮೂರಿತ್ತು. ಆದರೆ ಅದರಲ್ಲಿ ಹಳೆಯ ಕಾಯ್ದೆಯಿಂದ ಹಲಗಲಿಗೆ ಸಿಗದಿದ್ದ ಎರಡು ಕಲಮುಗಳಿವೆ. 14ನೆಯ ಕಲಮಿನ ಪ್ರಕಾರ ಲೈಸೆನ್ಸು ಕೊಡುವುದಿಲ್ಲ ಎಂದರೆ ಅಧಿಕಾರಿ ಕಾರಣ ಬರೆದಿಡಬೇಕು. ಕೇಳಿದರೆ ಚುಟುಕಾಗಿ ಬರೆದು ಕೊಡಬೇಕು. ಸಾರ್ವಜನಿಕ ಹಿತಕ್ಕೆ ಧಕ್ಕೆ ಎನಿಸಿದಾಗ ಮಾತ್ರ ತಡೆಹಿಡಿಯಬಹುದು. 18ನೆಯ ಕಲಮಿನ ಪ್ರಕಾರ ಮೇಲಿನ ಅಧಿಕಾರಿಗೆ ಅಪೀಲು ಹೋಗಬಹುದು. ಅದರಾಚೆ ಹೈಕೋರ್ಟು ಇದ್ದೇ ಇದೆ. ಓದಲಿಕ್ಕೆ ಒಣಒಣ ಎನಿಸುತ್ತವೆ ಈ ಕಲಮುಗಳು. ಇವುಗಳ ಮೇಲೆ ಯಾರೂ ಲಾವಣಿ ಕಟ್ಟುವುದಿಲ್ಲ.

ಇದನ್ನು ನಾನು ಮೊಮ್ಮಗನಿಗೆ ಹೇಳಿದೆ. ಅವನಿಗೆ ಅರ್ಧ ಸಮಾಧಾನ. "ಮಾಸ್ತರ, ಬರದು ಕೊಡ್ರಿ ಅಂದ್ರ ಅವ್ರು ಕೊಡ್ತಾರೇನ್ರಿ?" ಎಂದ. ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಕೊಟ್ಟದ್ದು ಕಾಕಾ. ಹಿಂದೊಮ್ಮೆ ಅವರ ಲೈಸೆನ್ಸು ನವೀಕರಣಕ್ಕೆ ಹೋದಾಗ ಒಂದು ಕಚೇರಿಯಲ್ಲಿ ಆಗುವುದಿಲ್ಲ, ಹೋಗು ಎಂದಿದ್ದರು. ಬಾಯಿಮಾತು. ಮೂರು ಸಲ ಅಲೆದರು. ನಾಲ್ಕನೆಯ ಸಲ ಒಂದು ಬಿಳಿ ಹಾಳೆಯ ಮೇಲೆ ಎರಡು ಸಾಲು ಬರೆದು ಒಯ್ದರು. ಆಗುವುದಿಲ್ಲ ಅಂದರೆ ಯಾಕೆ ಆಗುವುದಿಲ್ಲ, ದಯವಿಟ್ಟು ಬರೆದು ಕೊಡಿ. ಟಪಾಲಿನಲ್ಲಿ ಕೊಟ್ಟು ಸಿಕ್ಕಾ ಹಾಕಿಸಿಕೊಂಡರು. ಉತ್ತರ ಬಂತು. ಹೊಲದ ಉತಾರೆ ಹಳೆಯದಾಗಿದೆ, ಹೊಸದು ಲಗತ್ತಿಸಿ. ಅಷ್ಟೇ ಕಾರಣ. ಉತಾರೆ ತೆಗೆಸಿ ಕೊಟ್ಟರು. ಲೈಸೆನ್ಸು ಆಯಿತು.

ಮೂರು ಸಲ ಬಾಯಲ್ಲಿ ಹೇಳಲಾಗದ ಆ ಒಂದು ಸಾಲನ್ನು ಬರೆಯಲು ಅವರಿಗೆ ಎಷ್ಟು ಹೊತ್ತು ಬೇಕಿತ್ತು ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ.

ಕೇಳುಗ ಬಂಧುಗಳೇ, ನಿಮ್ಮಲ್ಲಿ ಬಹಳ ಜನಕ್ಕೆ ಬಂದೂಕು ಬೇಕಿಲ್ಲ, ನನಗೂ ಬೇಕಿಲ್ಲ. ಆದರೆ ರೇಶನ್ ಕಾರ್ಡು, ಪಿಂಚಣಿ, ಪಹಣಿ, ಬೆಳೆ ಪರಿಹಾರ, ಯಾವುದಕ್ಕೇ ಆಗಲಿ ಯಾವುದಾದರೂ ಕಿಟಕಿಯಲ್ಲಿ ಆಗುವುದಿಲ್ಲ ಎಂದು ಬಾಯಲ್ಲಿ ಹೇಳಿ ಕಳಿಸಿದರೆ, ಸುಮ್ಮನೆ ಬಸ್ಸು ಹತ್ತಬೇಡಿ. ಒಂದು ಹಾಳೆ ತೆಗೆದುಕೊಳ್ಳಿ. ಕಾರಣ ಬರೆದು ಕೊಡಿ ಎಂದು ಕೇಳಿ. ಟಪಾಲಿನಲ್ಲಿ ಕೊಟ್ಟು ಸಿಕ್ಕಾ ಹಾಕಿಸಿಕೊಳ್ಳಿ.